ಬಳೆ ಎಲ್ಲಿ, ಮೇಷ್ಟ್ರೇ?

ವೆಂಡೆಲ್: ಒಲ್ಲೆ ಅಂದ್ರೆ ಒಲ್ಲೆ! ಬೇಕಾದ್ರೆ ಕಲ್ಲು ಹೊಟ್ಟೇಲೇ ಇಟ್ಕೊಂಡು ಸಾಯ್ತೀನಿ, ಆ ಹುಡುಗನ ಕೈಗೆ ಮಾತ್ರ ನನ್ನ ಉಸಿರು ಕೊಡಲ್ಲ.

ಯೋಲಾನ್: ಸರಿ, ಸಾಯಿ. ಸಾಯೋಕ್ಮುಂಚೆ ಆ ಕಾಲು ಸ್ವಲ್ಪ ಎತ್ತು, ಟವೆಲ್ ಸಿಕ್ಕಿಹಾಕ್ಕೊಂಡಿದೆ.

ಬುಡಾಪೆಸ್ಟಿನ ಒಂದು ಆಸ್ಪತ್ರೆ, ಮೂರನೆಯ ಮಹಡಿ, ಬೆಳಗಿನ ಹೊತ್ತು. ಕಿಟಕಿ ಪಕ್ಕದ ಮಂಚದ ಮೇಲೆ ಕೂತು ಹಟ ಮಾಡುತ್ತಿದ್ದವರು ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ವೆಂಡೆಲ್. ಅವರ ಪಿತ್ತಕೋಶದ ಕಲ್ಲಿಗೆ ಅಂದು ಆಪರೇಷನ್. ಹೆಂಡತಿ ಯೋಲಾನ್ ಮನೆಯಿಂದ ಹೊತ್ತು ತಂದ ಚೀಲದಿಂದ ಚಮಚ, ಫೋರ್ಕು, ಮಗ್ಗು, ಟಾಯ್ಲೆಟ್ ಪೇಪರಿನ ಸುರುಳಿ ಎಲ್ಲ ತೆಗೆದು ಕಪಾಟಿಗೆ ಜೋಡಿಸುತ್ತಿದ್ದರು. ಆಸ್ಪತ್ರೆಯವರು ಡಾಕ್ಟರನ್ನು ಕೊಡುತ್ತಾರೆ, ಮಿಕ್ಕಿದ್ದನ್ನು ನಾವೇ ಒಯ್ಯಬೇಕು. ಅದು ಯಾರಿಗೆ ಗೊತ್ತಿಲ್ಲ? ಕೊನೆಗೆ ಬಂದದ್ದು ರಿಬ್ಬನ್ ಕಟ್ಟಿದ ತಗಡಿನ ಡಬ್ಬಿ. ಅದರಲ್ಲಿ ನರ್ಸಮ್ಮಂದಿರಿಗೆ ಕೊಡಲೆಂದು ಮಾಡಿದ, ನಡುವೆ ತೂತಿರುವ ಪುಟ್ಟ ಬಳೆ ಬಿಸ್ಕತ್ತು, ಮೇಲೆ ಧಾರಾಳವಾಗಿ ಸಕ್ಕರೆ ಪುಡಿ.

ಯೋಲಾನ್: ಅಂಗಿ ಹಿಂದುಮುಂದಾಗಿ ಹಾಕ್ಕೊಂಡಿದ್ದೀಯ. ಇದನ್ನ ಹಿಂದುಗಡೆ ಕಟ್ಟಬೇಕು.

ವೆಂಡೆಲ್: ಗೊತ್ತು. ಹಿಂದೆ ಕಟ್ಟಿದ್ರೆ ಓಡಿಹೋಗೋವಾಗ ಮಾನ ಹೋಗುತ್ತೆ.

ಯೋಲಾನ್: ನಿನಗೆ ಓಡಿಹೋಗೋದು ಹೊಸದಾ? ಮೊದಲನೇ ಸಲ ಕೆಮ್ಮು ಅಂದೆ. ಕೆಮ್ಮೇ ಇರಲಿಲ್ಲ. ಎರಡನೇ ಸಲ ದೊಡ್ಡ ಸಮ್ಮೇಳನ ಇದೆ ಅಂದೆ. ಹೋಗಿ ನೋಡಿದ್ರೆ ಸಮ್ಮೇಳನ ಬಿಸಿನೀರಿನ ಕೊಳದಲ್ಲಿ ನಡೀತಾ ಇದೆ, ಎದೆಮಟ್ಟ ನೀರಲ್ಲಿ ನಿಂತು ಚದುರಂಗ ಆಡ್ತಾ ಇದ್ದೀಯ! ಈಗ ಡಾಕ್ಟ್ರು ಸರಿ ಇಲ್ಲ ಅಂತೀಯ.

ವೆಂಡೆಲ್: ಡಾಕ್ಟ್ರು ಸರಿ ಇಲ್ಲ ಅಂದ್ನಾ? ಡಾಕ್ಟ್ರು ನನ್ನ ಶಿಷ್ಯ ಅಂದೆ. ಅದು ಇನ್ನೂ ಕೆಟ್ಟದ್ದು. ನಾನು ಹೇಗೆ ಪಾಠ ಮಾಡಿದೀನಿ ಅಂತ ನನಗೆ ಗೊತ್ತಿಲ್ವಾ?

ಪಕ್ಕದ ಮಂಚದಿಂದ ಒಂದು ತಲೆ ಮೇಲೆದ್ದಿತು. ಅದು ರೆಜೋ ಅವರದು. ಜೀವಮಾನವಿಡೀ ಟ್ರಾಮ್ ಓಡಿಸಿ ನಿವೃತ್ತರಾದವರು, ಮೊನ್ನೆ ಹರ್ನಿಯಾ ಆಪರೇಷನ್ ಆಗಿತ್ತು. ಟ್ರಾಮಿನಲ್ಲಿ ಚಾಲಕರೊಡನೆ ಮಾತಾಡಬಾರದೆಂದು ಫಲಕ ಹಾಕಿರುತ್ತಾರಲ್ಲ, ಅಷ್ಟು ವರ್ಷ ಕಟ್ಟಿಟ್ಟ ಮಾತನ್ನೆಲ್ಲ ಅವರು ಈಗ ಬಿಚ್ಚುತ್ತಿದ್ದರು.

ರೆಜೋ: ಅಲ್ಲಾ ಮೇಷ್ಟ್ರೇ, ಮಧ್ಯೆ ಬಾಯಿ ಹಾಕ್ತೀನಿ ಅಂದ್ಕೋಬೇಡಿ. ಶಿಷ್ಯ ಅಂದ್ರೆ ಒಳ್ಳೇದೇ ಅಲ್ವಾ? ಗುರುಗಳು ಅಂತ ಸೂಜೀನೂ ಮೆತ್ತಗೆ ಚುಚ್ತಾನೆ.

ವೆಂಡೆಲ್: ಆ ಶಿಷ್ಯನಿಗೆ ನಾನು ಪರೀಕ್ಷೇಲಿ ಒಂದು ಕೊಟ್ಟಿದ್ದೆ.

ರೆಜೋ: ಒಂದಾ! ಐದಕ್ಕೆ ಐದು ಕೊಡೋ ಕಡೆ ಒಂದಾ? ನಪಾಸ್ ಮಾಡ್ಬಿಟ್ರಾ! ಅಯ್ಯೋ, ಹಾಗಿದ್ರೆ ಕಷ್ಟ.

ಯೋಲಾನ್: ನೀವೊಬ್ರು! ಇವನ ಕೈಲಿ ಒಂದು ತಗೊಂಡೋರೆಲ್ಲ ಸೇಡು ತೀರಿಸ್ಕೊಳ್ಳೋ ಹಾಗಿದ್ರೆ ಇವನು ಈ ಊರಲ್ಲಿ ಒಂದು ಬ್ರೆಡ್ ಕೊಳ್ಳೋಕೂ ಆಗ್ತಿರಲಿಲ್ಲ.

ರೆಜೋ: ಯಾವ ಪಾಠದಲ್ಲಿ ನಪಾಸು?

ವೆಂಡೆಲ್: ಅಲ್ಲೇ ಇರೋದು ಗ್ರಹಚಾರ! ಇವತ್ತು ಅವನು ನನಗೆ ಯಾವ ಮದ್ದು ಚುಚ್ಚಿ ಎಬ್ಬಿಸಬೇಕೋ, ಅದೇ ಪಾಠದಲ್ಲಿ. ಸಕ್ಕರೆ ಬಳೆ.

ರೆಜೋ: ಸಕ್ಕರೆ ಬಳೆ? ಹಾಗಂದ್ರೆ?

ಯೋಲಾನ್: ಕೇಳಬೇಡಿ ರೆಜೋ ಅವರೇ, ನಿಮಗೆ ಕೈ ಮುಗೀತೀನಿ. ಮದುವೆಯಾದ ಹೊಸದರಲ್ಲಿ ನಾನೂ ಒಂದು ಸಲ ಕೇಳಿದ್ದೆ. ಉತ್ತರ ಇನ್ನೂ ಮುಗಿದಿಲ್ಲ.

ಆದರೆ ಪ್ರಶ್ನೆ ಕಿವಿಗೆ ಬಿದ್ದಾಗಿತ್ತು. ಓಡಿಹೋಗಲು ನೆಲಕ್ಕಿಟ್ಟಿದ್ದ ಒಂದು ಕಾಲನ್ನು ಮೇಷ್ಟ್ರು ವಾಪಸು ಮಂಚಕ್ಕೆ ಎತ್ತಿಕೊಂಡರು. ಯಾರಾದರೂ ಬಳೆಯ ಬಗ್ಗೆ ಕೇಳಿದರೆ ಅವರಿಗೆ ಪ್ರಾಣಭಯವೂ ಮರೆತುಹೋಗುತ್ತಿತ್ತು.

ವೆಂಡೆಲ್: ನೋಡಿ, ಆಲೂಗಡ್ಡೆ ಇದೆ. ಅದರ ಹಿಟ್ಟಿನಲ್ಲಿ ಏನಿದೆ? ಸಕ್ಕರೆಯ ಮಣಿಗಳ ಉದ್ದುದ್ದ ಸರ. ಆ ಸರಾನ ಚಿಕ್ಕಚಿಕ್ಕದಾಗಿ ಕತ್ತರಿಸಿ, ತುದಿಗೆ ತುದಿ ಕಟ್ಟಿದ್ರೆ ಒಂದು ಬಳೆ. ಆರು ಮಣಿಯದ್ದು, ಏಳರದ್ದು, ಎಂಟರದ್ದು. ಬಳೆಯ ಹೊರಗಡೆಗೆ ನೀರು ಕಂಡ್ರೆ ಪ್ರೀತಿ. ಒಳಗಿನ ತೂತಿಗೆ ಜಿಡ್ಡು ಕಂಡ್ರೆ ಪ್ರೀತಿ. ಎಷ್ಟೋ ಔಷಧಿಗಳು ಜಿಡ್ಡಿನ ಜಾತಿಯವು, ರಕ್ತದಲ್ಲಿ ಬೆರೆಯಲ್ಲ. ಸಾರಿನ ಮೇಲೆ ಹಂದಿಕೊಬ್ಬು ತೇಲುತ್ತಲ್ಲ, ಹಾಗೆ. ಅಂಥ ಔಷಧಿ ಬಳೆ ತೂತಲ್ಲಿ ಕೂತ್ಕೊಂಡ್ರೆ ಆರಾಮಾಗಿ ಮೈಯೆಲ್ಲ ಸುತ್ತುತ್ತೆ.

ರೆಜೋ: ಟ್ರಾಮು ಅನ್ನಿ.

ವೆಂಡೆಲ್: ಹ್ಞೂಂ, ಟ್ರಾಮು ಅಂತಲೇ ಇಟ್ಕೊಳ್ಳಿ.

ರೆಜೋ: ಒಂದು ಟ್ರಾಮಿಗೆ ಒಬ್ಬನೇ ಪ್ರಯಾಣಿಕನಾ? ಇದು ಯಾವ ಸೀಮೆ ವ್ಯವಸ್ಥೆ ಸ್ವಾಮಿ! ನಿಂತ್ಕೊಂಡು ಹೋಗೋಕೆ ಜಾಗ ಇಲ್ವಾ?

ವೆಂಡೆಲ್: ಇಲ್ಲ! ಅದು ಟ್ರಾಮಲ್ಲ, ಬಳೆ!

ರೆಜೋ: ಮತ್ತೆ ಟ್ರಾಮು ಅಂತ ನೀವೇ ಒಪ್ಕೊಂಡ್ರಿ.

ವೆಂಡೆಲ್: ತಪ್ಪಾಯ್ತು. ಕೇಳಿ, ಇವತ್ತು ಕೆಲಸ ಉಲ್ಟಾ. ಆಪರೇಷನ್ ಶುರು ಮಾಡೋಕ್ಮುಂಚೆ ಮೈಯೆಲ್ಲ ಸಡಿಲ ಮಾಡೋ ಮದ್ದು ಕೊಡ್ತಾರೆ. ಕೈಕಾಲು ಬಿಡಿ, ಉಸಿರಾಡೋ ಮಾಂಸಖಂಡಾನೂ ಮಲಗಿಬಿಡುತ್ತೆ. ಯಂತ್ರ ಉಸಿರಾಡಿಸುತ್ತೆ. ಎಲ್ಲ ಮುಗಿದ ಮೇಲೆ ಬಳೆ ಬಿಡ್ತಾರೆ. ಆ ಬಳೆಗಳು ರಕ್ತದಲ್ಲೆಲ್ಲ ಓಡಾಡಿ, ಸಡಿಲ ಮಾಡಿದ ಮದ್ದನ್ನ ಒಂದೊಂದಾಗಿ ಹಿಡಿದು ತೂತಲ್ಲಿ ಕೂರಿಸ್ಕೊಂಡು ಹೊರಗೆ ಕರ್ಕೊಂಡು ಹೋಗುತ್ತವೆ. ಆಗ ಮನುಷ್ಯ ತಾನಾಗೇ ಉಸಿರು ಎಳ್ಕೋತಾನೆ.

ರೆಜೋ: ತಡೀರಿ, ತಡೀರಿ. ಮೊನ್ನೆ ನನಗೂ ಅದನ್ನೇ ಬಿಟ್ರಾ?

ವೆಂಡೆಲ್: ಬಿಟ್ಟಿರಬಹುದು.

ರೆಜೋ: ಅಯ್ಯಯ್ಯೋ! ಒಂದು ಮಾತೂ ಕೇಳದೆ ಒಳಗೆ ಬಳೆ ಬಿಟ್ಟು ಹೊಲಿಗೆ ಹಾಕ್ಬಿಟ್ರಾ? ಕ್ರಿಸ್ಮಸ್‌ಗೆ ಮಗಳ ಮನೆಗೆ ವಿಮಾನದಲ್ಲಿ ಹೋಗಬೇಕು ನಾನು! ಆ ತಪಾಸಣೆ ಬಾಗಿಲಲ್ಲಿ ಕುಂಯ್ ಅಂತ ಕೂಗಿದ್ರೆ ಅಂಗಿ ಬಿಚ್ಚಿಸ್ತಾರೆ!

ವೆಂಡೆಲ್: ಕಣ್ಣಿಗೆ ಕಾಣದಷ್ಟು ಸಣ್ಣದು ಮಾರಾಯ್ರೆ! ಸಕ್ಕರೆ ಅದು, ಕೂಗೋಕೆ ಕಬ್ಬಿಣವಾ? ಆಗಲೇ ಮೂತ್ರದಲ್ಲಿ ಹೊರಗೆ ಹೋಗಿರುತ್ತೆ.

ರೆಜೋ: ಹೋಗೇಬಿಡ್ತಾ? ಛೆ, ಮುಂಚೆ ಹೇಳಿದ್ರೆ ನೋಡ್ತಿದ್ದೆ.

ಅವರ ಮುಖದಲ್ಲಿ ನಿಜವಾದ ನಿರಾಸೆಯಿತ್ತು. ಮೇಷ್ಟ್ರಿಗೆ ಇಂಥ ಶ್ರದ್ಧೆಯ ವಿದ್ಯಾರ್ಥಿ ಸಿಕ್ಕಿ ಬಹಳ ಕಾಲವಾಗಿತ್ತು.

ರೆಜೋ: ಇಷ್ಟೆಲ್ಲ ಕಂಡುಹಿಡಿದೋರು ನೀವೇನಾ?

ವೆಂಡೆಲ್: ನಾನೆಲ್ಲಿ! ಕಂಡುಹಿಡಿದ ಪುಣ್ಯಾತ್ಮರು ಬೇರೆ. ನಾನು ಕೆಲಸಕ್ಕೆ ಸೇರಿದ ದಿನದಿಂದ ಬಿಡೋ ದಿನದವರೆಗೆ ಬಳೆಯ ತೂತು ಎಷ್ಟು ಅಗಲ ಅಂತ ಅಳೆದೆ.

ಯೋಲಾನ್: ಬೀಳ್ಕೊಡುಗೆ ಸಮಾರಂಭದಲ್ಲಿ ಡೀನ್ ಸಾಹೇಬ್ರು ಎದ್ದು ನಿಂತು, 'ಇವರು ತಮ್ಮ ಇಡೀ ಬಾಳನ್ನು ಒಂದು ತೂತಿಗೆ ಮುಡಿಪಾಗಿಟ್ಟರು' ಅಂದ್ರು. ಜನ ಚಪ್ಪಾಳೆ ತಟ್ಟಿದ್ರು. ನಾನು ಮುಖ ಎಲ್ಲಿಟ್ಕೊಳ್ಳಲಿ?

ವೆಂಡೆಲ್: ಸುಳ್ಳೇನು ಹೇಳಲಿಲ್ಲವಲ್ಲ.

ರೆಜೋ: ಆಯ್ತು, ಆ ಹುಡುಗನ್ನ ಯಾಕೆ ನಪಾಸ್ ಮಾಡಿದ್ರಿ, ಅದನ್ನ ಹೇಳಿ. ದಡ್ಡನಾ?

ವೆಂಡೆಲ್: ದಡ್ಡನಲ್ಲ, ಹೊಟ್ಟೆಬಾಕ! ಬೋದ್ನಾರ್ ಚೋಂಗೋರ್ ಅಂತ ಹೆಸರು. ಮೌಖಿಕ ಪರೀಕ್ಷೆ. ಮೇಜಿನ ಮೇಲೆ ಚೀಟಿಗಳನ್ನ ಬೋರಲಾಗಿ ಹಾಕಿದೀನಿ. ಹುಡುಗ ಒಂದು ಚೀಟಿ ಎತ್ತಿದ, ಸಕ್ಕರೆ ಬಳೆ ಬಂತು. ನಾನು ಯಾವಾಗಲೂ ಪಾಠಕ್ಕೂ ಪರೀಕ್ಷೆಗೂ ತಟ್ಟೇಲಿ ಒಂದು ಬಳೆ ಬಿಸ್ಕತ್ತು, ಒಂದು ಒಣದ್ರಾಕ್ಷಿ ಇಡ್ತಿದ್ದೆ. ಬಿಸ್ಕತ್ತು ಅಂದ್ರೆ ಬಳೆ, ದ್ರಾಕ್ಷಿ ಅಂದ್ರೆ ಔಷಧಿ. 'ಔಷಧಿ ಎಲ್ಲಿ ಕೂರುತ್ತೆ, ತೋರಿಸು' ಅಂದೆ. ಹೊರಗೆ ಗದ್ದಲ ಅಂತ ಎದ್ದು ಕಿಟಕಿ ಮುಚ್ಚಿ ತಿರುಗಿ ನೋಡ್ತೀನಿ, ತಟ್ಟೆ ಖಾಲಿ! 'ಬಳೆ ಎಲ್ಲಿ, ಬೋದ್ನಾರ್?' ಅಂತ ಕೇಳಿದೆ. ಹೊಟ್ಟೆ ಕಡೆ ಬೆರಳು ತೋರಿಸಿದ.

ರೆಜೋ: ಒಣದ್ರಾಕ್ಷಿ?

ವೆಂಡೆಲ್: ಅದೂ ಅಲ್ಲೇ.

ರೆಜೋ: ಮತ್ತೆ ಸರಿಯಾಗೇ ಹೇಳಿದನಲ್ಲ! ಔಷಧಿ ಎಲ್ಲಿ? ಹೊಟ್ಟೇಲಿ. ಇನ್ನೆಲ್ಲಿರಬೇಕಿತ್ತು?

ಯೋಲಾನ್: ಪರೀಕ್ಷೆ ಹೆದರಿಕೆಗೆ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲವಂತೆ, ಪಾಪ.

ವೆಂಡೆಲ್: ಪರೀಕ್ಷೆ ಮುಗಿಯೋಕ್ಮುಂಚೆ ಬಳೆ ತಿನ್ನಬಾರದು! ಅದೇ ಹೇಳಿ ಕಳಿಸಿದೆ: 'ಒಂದು ಬಿಸ್ಕತ್ತು ಕಂಡ್ರೆ ಬಾಯಿ ಕಟ್ಕೊಳ್ಳೋಕಾಗದವನು ನಾಳೆ ರೋಗಿ ಪ್ರಾಣ ಹೇಗೆ ಕಾಯ್ತಾನೆ?'

ಯೋಲಾನ್: ಆಹಾ, ಹೇಳೋನು ಯಾರು! ಪ್ರತಿ ಪಾಠದ ಕೊನೆಗೆ ಆ ಬಿಸ್ಕತ್ತು ತಿಂತಿದ್ದದ್ದು ಯಾರು?

ವೆಂಡೆಲ್: ಕೊನೆಗೆ! ಅದು ಪ್ರಾತ್ಯಕ್ಷಿಕೆ. ತಿಂದ ಬಳೆಯನ್ನ ದೇಹ ಹೇಗೆ ಅರಗಿಸ್ಕೊಳ್ಳುತ್ತೆ ಅಂತ ತೋರಿಸೋದು. ಕಟಂ ಅಂತ ಕಡಿದ್ರೆ ಹುಡುಗ್ರೆಲ್ಲ ಚಪ್ಪಾಳೆ ತಟ್ತಿದ್ರು. ನನ್ನ ಪಾಠದಲ್ಲಿ ಅವರಿಗೆ ಅರ್ಥವಾಗ್ತಿದ್ದದ್ದು ಅದೊಂದೇ.

ಬಾಗಿಲು ತೆರೆಯಿತು. ಎತ್ತರದ, ಕುರುಚಲು ಗಡ್ಡದ ಅರಿವಳಿಕೆ ಡಾಕ್ಟರ್ ಒಳಗೆ ಬಂದ. ಮೇಷ್ಟ್ರು ತಟಕ್ಕನೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಬಂದವನು ಅಲ್ಲಿಯ ವಾಡಿಕೆಯಂತೆ ಮೊದಲು ಹಿರಿಯ ಹೆಂಗಸಿಗೆ ವಂದಿಸಿದ.

ಚೋಂಗೋರ್: ಕೈಗೆ ಮುತ್ತು, ಯೋಲಾನ್ ಅತ್ತೆ. ನಮಸ್ಕಾರ ಮೇಷ್ಟ್ರೇ. ನನ್ನ ನೆನಪಿದೆಯಾ?

ವೆಂಡೆಲ್: ಇವತ್ತಿನ ಬಳೇಲಿ ಎಷ್ಟು ಸಕ್ಕರೆ ಮಣಿ?

ಯೋಲಾನ್: ಅಯ್ಯೋ ದೇವರೇ! ಮೊದಲು ಚೆನ್ನಾಗಿದೀಯಾ ಅಂತಾದ್ರೂ ಕೇಳೋ!

ಚೋಂಗೋರ್: ಇರಲಿ ಬಿಡಿ ಅತ್ತೆ. ಎಂಟು, ಮೇಷ್ಟ್ರೇ.

ವೆಂಡೆಲ್: ಏಳರದ್ದು ಯಾಕಾಗಲ್ಲ?

ಚೋಂಗೋರ್: ಸಡಿಲ ಮಾಡೋ ಮದ್ದು ದಪ್ಪ. ಏಳರ ತೂತಲ್ಲಿ ಹಿಡಿಯಲ್ಲ.

ವೆಂಡೆಲ್: ಎಂಟರದ್ದನ್ನ ಹಾಗೇ ಚುಚ್ತೀಯೋ?

ಚೋಂಗೋರ್: ಇಲ್ಲ. ಅದರ ಅಂಚಿಗೆ ಸುತ್ತಲೂ ಬಾಲ ಸೇರಿಸಿದ್ದಾರೆ. ತೂತು ಆಳ ಆಗುತ್ತೆ, ಬಾಲದ ತುದಿ ಮದ್ದನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ.

ಒಂದೂ ತಪ್ಪಿಲ್ಲ. ಮೇಷ್ಟ್ರಿಗೆ ಸಂತೋಷವಾಗಬೇಕಿತ್ತು, ಆದರೆ ಓಡಿಹೋಗಲು ಉಳಿದಿದ್ದ ಒಂದೇ ಒಂದು ನೆಪವೂ ಕೈಜಾರಿತ್ತು.

ಯೋಲಾನ್: ಐದು ಕೊಡೋ ಅವನಿಗೆ!

ವೆಂಡೆಲ್: ನಾಲ್ಕು. ಸ್ವರ ಸಣ್ಣದು, ಕೊನೇ ಬೆಂಚಿಗೆ ಕೇಳಿಸಲ್ಲ.

ರೆಜೋ: ನನಗೆ ಕೇಳಿಸ್ತು.

ವೆಂಡೆಲ್: ಚೋಂಗೋರ್, ನಿಜ ಹೇಳು. ಆ ಒಂದು ಕೊಟ್ಟಿದ್ದಕ್ಕೆ ನನ್ನ ಮೇಲೆ ಕೋಪ ಇದೆಯಾ?

ಚೋಂಗೋರ್: ಇತ್ತು ಮೇಷ್ಟ್ರೇ. ಸ್ನೇಹಿತರೆಲ್ಲ ಬಾಲಾಟನ್ ಸರೋವರದಲ್ಲಿ ಈಜ್ತಾ ಇದ್ರೆ ನಾನು ಬೇಸಿಗೆಯೆಲ್ಲ ಲೈಬ್ರರೀಲಿ ಬೆವರ್ತಾ ಕೂತು ನಿಮ್ಮ ತೂತಿನ ಅಗಲ ಬಾಯಿಪಾಠ ಮಾಡ್ತಿದ್ದೆ. ದಿನಾ ನಿಮಗೆ ಶಾಪ ಹಾಕ್ತಿದ್ದೆ. ಆಮೇಲೆ ನೋಡ್ತೀನಿ, ಎದುರಿನ ಕುರ್ಚೀಲಿ ಒಬ್ಬಳು ಹುಡುಗೀನೂ ಅದೇ ಪುಟ ತೆಗೆದು ಅದೇ ಶಾಪ ಹಾಕ್ತಿದ್ದಾಳೆ. ಅವಳಿಗೂ ಒಂದು ಕೊಟ್ಟೋರು ನೀವೇ. ಅವಳನ್ನೇ ಮದುವೆಯಾದೆ.

ರೆಜೋ: ಹೋ! ಹಾಗಾದ್ರೆ ಕೋಪ ಹೋಯ್ತೋ, ಜಾಸ್ತಿ ಆಯ್ತೋ?

ಚೋಂಗೋರ್: (ನಕ್ಕು) ಈಗ ನಿಜವಾದದ್ದು ಹೇಳ್ತೀನಿ ಮೇಷ್ಟ್ರೇ. ಪ್ರತಿ ಆಪರೇಷನ್ ಕೊನೆಗೆ ಬಳೆ ಮದ್ದು ಬಿಟ್ಟು, ರೋಗಿಯ ಎದೆ ನೋಡ್ತಾ ನಿಂತಿರ್ತೀನಿ. ಎದೆ ತಾನಾಗೇ ಒಂದು ಸಲ ಏಳುತ್ತೆ. ಆ ಕ್ಷಣದಲ್ಲಿ ನೀವು, ನಿಮ್ಮ ಬಿಸ್ಕತ್ತು ನೆನಪಿಗೆ ಬರ್ತೀರಿ. ಇವತ್ತು ನಿಮ್ಮ ಎದೆ ಏಳೋದನ್ನ ನಾನೇ ನಿಂತು ನೋಡಬೇಕು ಅಂತ ಬೇರೆಯವರ ಪಾಳಿ ಕೇಳಿ ತಗೊಂಡಿದೀನಿ.

ಮೇಷ್ಟ್ರು ಗಲ್ಲದವರೆಗೆ ಎಳೆದಿದ್ದ ಹೊದಿಕೆಯನ್ನು ಕೆಳಗಿಳಿಸಿದರು. ಪ್ರಶಸ್ತಿಗಾಗಿ ಬಾಳೆಲ್ಲ ಕಾದವರು ಅವರು. ಒಂದೂ ಬಂದಿರಲಿಲ್ಲ. ಇದು ಬಂತಲ್ಲ ಅಂದುಕೊಂಡರು.

ವೆಂಡೆಲ್: ಐದು. ಐದೇ ಇಟ್ಕೋ. ನಡಿ, ಎಲ್ಲಿ ಬೇಕಾದ್ರೂ ಕೊಯ್ಯಿ.

ಚೋಂಗೋರ್: ಕೊಯ್ಯೋರು ಬೇರೆ ಡಾಕ್ಟ್ರು. ಇನ್ನು ಸ್ವಲ್ಪ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲಿವರೆಗೆ ಒಂದು ತೊಟ್ಟು, ಒಂದು ತುತ್ತು, ಏನೂ ಬಾಯಿಗೆ ಹಾಕಬಾರದು.

ವೆಂಡೆಲ್: ನನಗೆ ಹೇಳ್ತೀಯೇನೋ!

ಚೋಂಗೋರ್ ಹೋದ. ಯೋಲಾನ್ ಗಂಡನ ಅಂಗಿಯನ್ನು ತಿರುಗಿಸಿ ಹಾಕಿ ಹಿಂದುಗಡೆ ಕಟ್ಟಿದರು, ಮಂಚದ ಅಂಚಿಗೆ ಕೂತು ಮೆಲ್ಲಗೆ ಮಾತಾಡಿದರು.

ಯೋಲಾನ್: ವೆಂಡೆಲ್, ನೀನು ರಾತ್ರಿ ಹೊಟ್ಟೆ ಹಿಡ್ಕೊಂಡು ನರಳ್ತೀಯಲ್ಲ, ಆಗ ನನಗೆ ನಿದ್ದೆ ಬಂದಿರಲ್ಲ ಕಣೋ. ನಿನಗೆ ನಾಚಿಕೆ ಆಗಬಾರದು ಅಂತ ಗೊರಕೆ ಹೊಡೀತೀನಿ. ನನಗೆ ತುಂಬಾ ಹೆದರಿಕೆ ಆಗುತ್ತೆ. ನೀನಿಲ್ಲದೆ ಹೋದ್ರೆ ನಾನು ಯಾರ ಜೊತೆ ಜಗಳ ಆಡಲಿ?

ವೆಂಡೆಲ್: ನಿನ್ನ ತಂಗಿ ಇದ್ದಾಳಲ್ಲ.

ಯೋಲಾನ್: ಅವಳು ಸೋಲಲ್ಲ.

ಕಣ್ಣೊರೆಸಿಕೊಂಡು, ಕೊನೆಗೂ ಇವನು ಒಪ್ಪಿದ ಅಂತ ಆ ತಂಗಿಗೇ ಫೋನ್ ಮಾಡಲು ಅವರು ಹೊರಗೆ ಹೋದರು. ಬಿಸ್ಕತ್ತಿನ ಡಬ್ಬಿ ಕಪಾಟಿನ ಮೇಲೇ ಉಳಿಯಿತು. ಮೇಷ್ಟ್ರ ಮನಸ್ಸು ಹಗುರವಾಗಿತ್ತು, ಭಯ ಹೋಗಿತ್ತು, ಮೈಯಲ್ಲಿ ಹಳೆಯ ಹುರುಪು ತುಂಬಿತ್ತು. ಹುರುಪು ಬಂದ ಮೇಷ್ಟ್ರ ಪಕ್ಕದಲ್ಲಿ ಕೇಳುವ ಕಿವಿಯೊಂದಿದ್ದರೆ ಮುಂದೇನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ರೆಜೋ: ಮೇಷ್ಟ್ರೇ, ಆ ಟ್ರಾಮಿನ ವಿಷಯ ಇನ್ನೊಂದು ಸಲ ಹೇಳಿ. ಸೊಸೆ ಬಂದಾಗ ನಾನೂ ಅವಳ ಮುಂದೆ ಬಿಡಬೇಕು.

ವೆಂಡೆಲ್: ಬಾಯಲ್ಲಿ ಹೇಳಿದ್ರೆ ಆಗಲ್ಲ, ಕಣ್ಣಲ್ಲಿ ನೋಡಬೇಕು. ನಿಮ್ಮ ತಿಂಡಿ ತಟ್ಟೇಲಿ ದ್ರಾಕ್ಷಿ ಬನ್ನು ಇದೆಯಲ್ಲ, ಅದರಿಂದ ಒಂದು ದ್ರಾಕ್ಷಿ ಕಿತ್ತು ಕೊಡಿ.

ಮೇಷ್ಟ್ರು ಮಂಚದಿಂದಿಳಿದು, ರಿಬ್ಬನ್ ಬಿಚ್ಚಿ, ಒಂದು ಬಿಸ್ಕತ್ತನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಕಿಟಕಿಯ ಬೆಳಕಿನಲ್ಲಿ ಆಪರೇಷನ್ ಅಂಗಿ ಪದವಿಪ್ರದಾನದ ನಿಲುವಂಗಿಯಂತೆ ಹೊಳೆಯಿತು, ಮುಂಭಾಗದಿಂದ ಮಾತ್ರ.

ವೆಂಡೆಲ್: ಮಹನೀಯರೇ, ಇದು ಬಳೆ! ಹೊರಗೆ ನೀರಿನ ಸಖ್ಯ, ಒಳಗೆ ಜಿಡ್ಡಿನ ಸಖ್ಯ. ಇಗೋ, ಇದು ಔಷಧಿ. ಒಂಟಿಯಾಗಿ ಹೋದ್ರೆ ರಕ್ತ ಇದನ್ನ ಹತ್ತಿರ ಸೇರಿಸಲ್ಲ. ಈಗ ನೋಡಿ, ತೂತಲ್ಲಿ ಕೂರಿಸ್ತೀನಿ. ಕೂತಿತಾ?

ರೆಜೋ: ಕೂತಿತು! ಕೂತಿತು!

ವೆಂಡೆಲ್: ಯಾರೂ ಅಂಟು ಹಾಕಿಲ್ಲ, ಯಾರೂ ಮೊಳೆ ಹೊಡೆದಿಲ್ಲ. ಇಷ್ಟಪಟ್ಟು ಕೂತಿದೆ, ಬೇಕಾದಾಗ ಎದ್ದು ಹೋಗುತ್ತೆ. ಕೊನೆಗೆ ಈ ಬಳೆಯನ್ನ ದೇಹ ಏನು ಮಾಡುತ್ತೆ? ಮಹನೀಯರೇ, ದೇಹ ಹೀಗೆ ಮಾಡುತ್ತೆ!

ಕಟಂ.

ಚಪ್ಪಾಳೆಗೆ ಎತ್ತಿದ ರೆಜೋ ಅವರ ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಕಣ್ಣುಮುಚ್ಚಿ, ತಲೆ ಬಾಗಿಸಿ, ಅಗಿದು, ನುಂಗಿದರು.

ರೆಜೋ: ಮೇಷ್ಟ್ರೇ.

ವೆಂಡೆಲ್: ಪ್ರಶ್ನೆ ಇದ್ರೆ ಕೈ ಎತ್ತಿ ಕೇಳಿ.

ರೆಜೋ: ಎತ್ತಿದೀನಿ. ಪ್ರಶ್ನೆ ಅಲ್ಲ. ನೀವು ಅದನ್ನ ತಿಂದ್ಬಿಟ್ರಿ.

ಮೇಷ್ಟ್ರು ಕಣ್ಣು ತೆರೆದರು. ಬರಿದಾದ ಬೆರಳುಗಳನ್ನು ನೋಡಿಕೊಂಡರು. ನಾಲಗೆಯ ಮೇಲೆ ವೆನಿಲ್ಲಾ ರುಚಿ ಇನ್ನೂ ಚೆನ್ನಾಗಿಯೇ ಇತ್ತು.

ವೆಂಡೆಲ್: ಸತ್ತೆ.

ರೆಜೋ: ಸುಮ್ನೆ ಇದ್ಬಿಡಿ. ಒಂದು ಬಿಸ್ಕತ್ತು ತಾನೆ? ಯಾರಿಗೆ ಗೊತ್ತಾಗುತ್ತೆ?

ವೆಂಡೆಲ್: ಪ್ರಜ್ಞೆ ತಪ್ಪಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಎಲ್ಲರಿಗೂ ಗೊತ್ತಾಗುತ್ತೆ, ನನ್ನೊಬ್ಬನ್ನ ಬಿಟ್ಟು.

ರೆಜೋ: ಹಾಗಾದ್ರೆ ಹೇಳಿಬಿಡಿ.

ವೆಂಡೆಲ್: ಯೋಲಾನ್‌ಗೆ? ಮೂರನೇ ಸಲ ಆಪರೇಷನ್ ತಪ್ಪಿಸ್ಕೊಂಡೆ ಅಂತ? ಸುಮ್ನಿದ್ರೆ ಒಂದೇ ಸಲ ಸಾಯ್ತೀನಿ. ಹೇಳಿದ್ರೆ ದಿನಾ ಸಾಯ್ಬೇಕು!

ಅಷ್ಟರಲ್ಲಿ ಯೋಲಾನ್ ಬಂದರು. ಬೈಯಲಿಲ್ಲ, ಅದೇ ಭಯಂಕರವಾಗಿತ್ತು. ನಗುತ್ತ ಬಂದು ಗಂಡನ ಕೆನ್ನೆ ಸವರಿದರು. 'ನನ್ನ ಧೀರ' ಎಂದರು. ಅವರು ಆ ಮಾತನ್ನು ಮದುವೆಯ ದಿನ ಕೂಡ ಹೇಳಿರಲಿಲ್ಲ. ಮೇಷ್ಟ್ರಿಗೆ ಹೊಟ್ಟೆಯೊಳಗಿನ ಬಿಸ್ಕತ್ತು ಪಿತ್ತಕೋಶದ ಕಲ್ಲಿಗಿಂತ ಭಾರವಾಯಿತು. ಹಿಂದೆಯೇ ಚೋಂಗೋರ್ ಬಂದ.

ಚೋಂಗೋರ್: ಹೊರಡೋಣ ಮೇಷ್ಟ್ರೇ. ಕೊನೇ ಪ್ರಶ್ನೆಗಳು. ಕಟ್ಟಿಸಿದ ಹಲ್ಲು?

ವೆಂಡೆಲ್: ಎಲ್ಲ ನನ್ನದೇ. ಅದೇ ಆಗಿರೋ ಅನಾಹುತ.

ಚೋಂಗೋರ್: ಯಾವುದಾದ್ರೂ ಔಷಧಿ ಮೈಗೆ ಆಗಲ್ವಾ?

ವೆಂಡೆಲ್: ಹಾಗೇನಿಲ್ಲ.

ಚೋಂಗೋರ್: ಬೆಳಗಿಂದ ಏನಾದ್ರೂ ತಿಂದ್ರಾ?

ವೆಂಡೆಲ್: ಪ್ರಶ್ನೆ ಸ್ವಲ್ಪ ಅಸ್ಪಷ್ಟವಾಗಿದೆ.

ಚೋಂಗೋರ್: ತಿಂದ್ರೋ, ಇಲ್ವೋ?

ವೆಂಡೆಲ್: ಸಿದ್ಧಾಂತದ ಮಟ್ಟದಲ್ಲಿ ಇಲ್ಲ.

ಚೋಂಗೋರ್: ಪ್ರಯೋಗದ ಮಟ್ಟದಲ್ಲಿ?

ರೆಜೋ: ನಾನು ತಿಂದೆ ಸ್ವಾಮಿ! ಪೂರ್ತಿ ನಾನೇ ತಿಂದೆ!

ಯೋಲಾನ್: ಏನು ತಿಂದ್ರಿ? ನಿಮ್ಮನ್ನ ಯಾರು ಕೇಳಿದ್ರು?

ಚೋಂಗೋರನ ಕಣ್ಣು ಬಿಚ್ಚಿದ ರಿಬ್ಬನ್ನಿನ ಮೇಲೆ ಬಿತ್ತು. ಅಲ್ಲಿಂದ ಡಬ್ಬಿಗೆ ಹೋಯಿತು. ಕೊನೆಗೆ ಮೇಷ್ಟ್ರ ಮೀಸೆಗೆ ಬಂದು ನಿಂತಿತು. ಮೀಸೆ ಮೊದಲೇ ಬೆಳ್ಳಗಿತ್ತು, ಈಗ ಸಕ್ಕರೆ ಪುಡಿ ಸೇರಿ ಇನ್ನೂ ಬೆಳ್ಳಗಾಗಿತ್ತು. ಅವನು ಕೈಕಟ್ಟಿ ನಿಂತು, ಒಂದು ಕಾಲದಲ್ಲಿ ತಾನು ಕೇಳಿಸಿಕೊಂಡ ಅದೇ ಗಂಭೀರ ದನಿಯಲ್ಲಿ ಕೇಳಿದ.

ಚೋಂಗೋರ್: ಬಳೆ ಎಲ್ಲಿ, ಮೇಷ್ಟ್ರೇ?

ಮೇಷ್ಟ್ರು ಯೋಲಾನ್ ಕಡೆ ನೋಡಿದರು. ಸುಳ್ಳು ಹೇಳಿ ಸಾಯಬಹುದಿತ್ತು, ಆದರೆ ಅವಳು ಇನ್ನು ಯಾರಿಗಾಗಿ ಸುಳ್ಳು ಗೊರಕೆ ಹೊಡೆಯಬೇಕು? ಮೇಷ್ಟ್ರೂ ಹೊಟ್ಟೆಯ ಕಡೆ ಬೆರಳು ತೋರಿಸಿದರು.

ಚೋಂಗೋರ್: ಒಣದ್ರಾಕ್ಷಿ?

ವೆಂಡೆಲ್: ಅದೂ ಅಲ್ಲೇ.

ಯೋಲಾನ್: ವೆಂಡೆಲ್! ಬೇಕಂತಲೇ ತಿಂದೆ! ಓಡಿಹೋಗೋಕೆ ಇದೊಂದು ದಾರಿ ಹುಡುಕಿದೆ! ನಾನು ಧೀರ ಅಂದ್ನಲ್ಲೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ವೆಂಡೆಲ್: ಇಲ್ಲ ಕಣೇ, ನಿನ್ನಾಣೆ! ಪ್ರಾಣಭಯಕ್ಕೆ ತಿಂದಿದ್ರೆ ಅದಕ್ಕೊಂದು ಮರ್ಯಾದೆ ಇರ್ತಿತ್ತು. ನಾನು ಚಪ್ಪಾಳೆ ಆಸೆಗೆ ತಿಂದೆ.

ರೆಜೋ: ತಟ್ಟೋನೇ ಇದ್ದೆ ಅಮ್ಮಾ, ಪಾಠ ಅಷ್ಟು ಚೆನ್ನಾಗಿತ್ತು.

ಯೋಲಾನ್: ನೀವು ಬಾಯಿ ಮುಚ್ಚಿ! ಡಾಕ್ಟ್ರೇ, ಏನೂ ಮಾಡೋಕಾಗಲ್ವಾ? ಒಂದೇ ಒಂದು ಬಿಸ್ಕತ್ತಪ್ಪಾ. ಈ ದಿನಕ್ಕೆ ಎಷ್ಟು ಕಾದಿದೀನಿ ನಾನು!

ಅವರ ಕಣ್ಣಲ್ಲಿ ನೀರು ತುಂಬಿತು. ಮೇಷ್ಟ್ರು ಬದುಕಿನಲ್ಲಿ ಎಷ್ಟೋ ಸಲ ಪೆದ್ದರಾಗಿದ್ದರು, ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಹೆಂಡತಿಯ ಕೈ ಹಿಡಿಯಹೋದರೆ ಅವರು ಕೊಡವಿದರು.

ಚೋಂಗೋರ್: ಇವತ್ತು ಆಗಲ್ಲ ಅತ್ತೆ. ಹೊಟ್ಟೇಲಿ ತುತ್ತು ಇದ್ದಾಗ ಮಲಗಿಸಲ್ಲ, ಅವರಾದ್ರೂ ಅಷ್ಟೇ, ಅವರಪ್ಪ ಆದ್ರೂ ಅಷ್ಟೇ. ಮೇಷ್ಟ್ರೇ, ನೀವೇ ಹೇಳಿಕೊಟ್ಟ ಮಾತು: ಪರೀಕ್ಷೆ ಮುಗಿಯೋಕ್ಮುಂಚೆ ಬಳೆ ತಿನ್ನಬಾರದು. ಒಂದು ಬಿಸ್ಕತ್ತು ಕಂಡ್ರೆ ಬಾಯಿ ಕಟ್ಕೊಳ್ಳೋಕಾಗದವರಿಗೆ ನಾನು ಎಷ್ಟು ಕೊಡಬೇಕು?

ವೆಂಡೆಲ್: (ತಲೆತಗ್ಗಿಸಿ) ಒಂದು.

ಚೋಂಗೋರ್: ಒಂದೇ. ಮರುಪರೀಕ್ಷೆ ಗುರುವಾರ ಬೆಳಿಗ್ಗೆ. ಮೊದಲನೇ ಆಪರೇಷನ್ ನಿಮ್ಮದೇ, ನಾನು ಮಾತಾಡಿ ಗೊತ್ತು ಮಾಡ್ತೀನಿ. ಅತ್ತೆ, ಕಣ್ಣೊರೆಸ್ಕೊಳ್ಳಿ. ಗುರುವಾರ ಇವರ ಎದೆ ಏಳೋದನ್ನ ನಾನು ನೋಡೇ ನೋಡ್ತೀನಿ.

ಆಮೇಲೆ ಅವನು ಡಬ್ಬಿಗೆ ಕೈಹಾಕಿ ಒಂದು ಬಿಸ್ಕತ್ತು ಎತ್ತಿಕೊಂಡ.

ಚೋಂಗೋರ್: ಪರೀಕ್ಷೆ ಮುಗೀತು. ಈಗ ತಿನ್ನಬಹುದಲ್ವಾ ಮೇಷ್ಟ್ರೇ?

ಕಟಂ. ರೆಜೋ ಅವರು ಮುಂಚೆ ತಟ್ಟದೆ ಉಳಿಸಿಕೊಂಡಿದ್ದ ಚಪ್ಪಾಳೆಯನ್ನು ಈಗ ತಟ್ಟಿದರು. ಯೋಲಾನ್ ಚಮಚ, ಮಗ್ಗು, ಟಾಯ್ಲೆಟ್ ಪೇಪರನ್ನೆಲ್ಲ ಮತ್ತೆ ಚೀಲಕ್ಕೆ ತುರುಕತೊಡಗಿದರು. ಬಾಗಿಲ ಬಳಿ ಹೋದ ಚೋಂಗೋರನನ್ನು ಮೇಷ್ಟ್ರು ಹಿಂದೆ ನಪಾಸಾದ ವಿದ್ಯಾರ್ಥಿಗಳು ತಮ್ಮನ್ನು ಕೂಗುತ್ತಿದ್ದ ಹಾಗೆಯೇ ಹಿಂದಿನಿಂದ ಕೂಗಿದರು.

ವೆಂಡೆಲ್: ಚೋಂಗೋರ್! ಗುರುವಾರಕ್ಕೆ ಏನು ತಯಾರಿ ಮಾಡ್ಕೊಂಡು ಬರಲಿ?

ಚೋಂಗೋರ್: ಏನೂ ಬೇಡ ಮೇಷ್ಟ್ರೇ. ಖಾಲಿ ಬನ್ನಿ, ಸಾಕು.

ಯೋಲಾನ್: ತಲೆ ಹೇಗೂ ಖಾಲಿ ಇದೆ ಡಾಕ್ಟ್ರೇ. ಹೊಟ್ಟೆಯದ್ದು ನಾನು ನೋಡ್ಕೋತೀನಿ.